ಎಸ್ತರಮ್ಮನ ಕಿತ್ತಳೆ ಕಣಗಳು

ಎಸ್ತರ್ ಒಂದು ಸಂಗತಿಯನ್ನು ಹದಿನಾಲ್ಕು ವರ್ಷ ಗಂಡನಿಗೂ ಒಬ್ಬ ಡಾಕ್ಟರಿಗೂ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಜ್ವರ ಏರಿ, ನಂಜು ರಕ್ತಕ್ಕೆ ಹರಡಿ, ಮಂಚ ಹಿಡಿದ ರೋಗಿಗಳಲ್ಲಿ ಯಾರು ಎದ್ದು ಮನೆಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂಬುದು ಅವಳಿಗೆ ಡಾಕ್ಟರುಗಳಿಗಿಂತ ಒಂದು ದಿನ ಮೊದಲೇ ತಿಳಿಯುತ್ತಿತ್ತು. ತಿಳಿಯುತ್ತದೆ ಎಂದು ಅವಳು ನಂಬಿದ್ದಳು.

ಉಡುಪಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವಳು ರಕ್ತಪರೀಕ್ಷೆಯವಳು. ಜಗಲಿಯ ತುದಿಯ ಒಂದು ಕೋಣೆ, ಉತ್ತರದ ಬೆಳಕು ಬೀಳುವ ಕಿಟಕಿ, ಕಿಟಕಿಯ ಬುಡದಲ್ಲಿ ಒಂದು ಮೈಕ್ರೋಸ್ಕೋಪು. ಬೆಳಿಗ್ಗೆ ಕಾಪುವಿನಿಂದ ಏಳೂವರೆಯ ಬಸ್ಸಿಗೆ ಬರುತ್ತಿದ್ದಳು, ಸಂಜೆ ಐದರ ಬಸ್ಸಿಗೆ ಹಿಂದಿರುಗುತ್ತಿದ್ದಳು. ನಡುವೆ ಅವಳ ಕೆಲಸವೆಂದರೆ ರೋಗಿಯ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆಯುವುದು, ಬಣ್ಣ ಹಾಕಿ ಒಣಗಿಸುವುದು, ಆಮೇಲೆ ನೂರು ಬಿಳಿ ರಕ್ತಕಣಗಳನ್ನು ಎಣಿಸಿ ಯಾವ ಜಾತಿಯದು ಎಷ್ಟು ಎಂದು ಬರೆದುಕೊಡುವುದು. ನೂರು ಎಣಿಸಿ ಚೀಟಿ ಕಳಿಸಿದ ಮೇಲೆ ಅವಳ ಹೊಣೆ ಮುಗಿಯಿತು. ವಾರ್ಡಿನ ಕಡೆ ಅವಳು ಕಾಲಿಡುತ್ತಲೇ ಇರಲಿಲ್ಲ. ಅಳು ಕಂಡರೆ ಅವಳಿಗೆ ಕೈ ನಡುಗುತ್ತಿತ್ತು, ನಡುಗುವ ಕೈಯಲ್ಲಿ ಸ್ಲೈಡ್ ಎಳೆಯಲಾಗುವುದಿಲ್ಲ. ಮಂಚ ಹಿಡಿದವರ ರಕ್ತವನ್ನು ದಾದಿಯೇ ತೆಗೆದು ತಂದುಕೊಡುತ್ತಿದ್ದಳು.

ಆ ಸಂಗತಿ ಅವಳ ಕಣ್ಣಿಗೆ ಬಿದ್ದದ್ದು ೧೯೬೫ರಲ್ಲಿ. ಕೆಮ್ಮಣ್ಣು ಎಂಬ ಊರಿನ ಒಬ್ಬ ಬಾಣಂತಿ ನಂಜು ಜ್ವರದಲ್ಲಿ ಬಂದಿದ್ದಳು. ಮೂರು ದಿನವೂ ಅವಳ ರಕ್ತದಲ್ಲಿ ಒಂದು ಜಾತಿಯ ಕಣ ಒಂದೇ ಒಂದೂ ಸಿಗಲಿಲ್ಲ. ಇಯೋಸಿನೋಫಿಲ್ ಎಂದು ಅದರ ಹೆಸರು. ಮೈತುಂಬ ಕಿತ್ತಳೆ ಬಣ್ಣದ ಕಾಳು ತುಂಬಿಕೊಂಡು ಚಂದವಾಗಿ ಕಾಣುತ್ತದೆ. ಬರಿಗಾಲಿನಲ್ಲಿ ಗದ್ದೆ ತೋಟ ತಿರುಗುವ ಊರಿನಲ್ಲಿ ಯಾರ ಹೊಟ್ಟೆಯಲ್ಲೂ ಹುಳಕ್ಕೆ ಬರವಿಲ್ಲ, ಹುಳ ಇದ್ದಲ್ಲಿ ಈ ಕಣಕ್ಕೂ ಬರವಿಲ್ಲ. ನೂರಕ್ಕೆ ಎಂಟು, ಹತ್ತು ಕಂಡೇ ಕಾಣಬೇಕು. ಅಂಥದ್ದು ಪೂರಾ ಮಾಯ! ನಾಲ್ಕನೆಯ ದಿನ, ಎಲ್ಲರೂ ಆಸೆ ಬಿಟ್ಟಿದ್ದಾಗ, ಸ್ಲೈಡಿನ ಅಂಚಿನಲ್ಲಿ ಎರಡು ಕಿತ್ತಳೆ ಕಣ ಕಂಡವು. ಅದೇ ಸಂಜೆ ಬಾಣಂತಿಗೆ ಬೆವರು ಒಡೆದು ಜ್ವರ ಇಳಿಯಿತು. ವಾರದಲ್ಲಿ ಮಗುವನ್ನು ಎತ್ತಿಕೊಂಡು ನಡೆದೇ ಹೋದಳು.

ಅಂದಿನಿಂದ ಎಸ್ತರ್ ಗಮನಿಸತೊಡಗಿದಳು. ನಂಜು ಗೆಲ್ಲುತ್ತಿರುವಾಗ ಕಿತ್ತಳೆ ಕಣ ಅಡಗಿಕೊಳ್ಳುತ್ತದೆ. ಮೈ ಗೆಲ್ಲತೊಡಗಿದ ಕೂಡಲೇ, ಜ್ವರ ಇಳಿಯುವ ಮೊದಲೇ, ಮತ್ತೆ ಹೊರಗೆ ಬರುತ್ತದೆ. ಐದನೆಯ ದಿನಕ್ಕೂ ಬಾರದಿದ್ದರೆ ಆ ರೋಗಿ ಉಳಿಯುವುದಿಲ್ಲ. ಒಮ್ಮೆ ಧೈರ್ಯ ಮಾಡಿ ಅಂದಿನ ಡಾಕ್ಟರೊಬ್ಬರಿಗೆ ಹೇಳಿದ್ದಳು. ಅವರು ನಕ್ಕು, "ಭವಿಷ್ಯ ಹೇಳ್ಲಿಕ್ಕೆ ಜೋಯಿಸರು ಇದ್ದಾರಲ್ಲ, ನೀವು ಎಣಿಸಿ ಕೊಡಿ ಸಾಕು" ಎಂದಿದ್ದರು. ಎಸ್ತರ್ ಎಣಿಸಿ ಕೊಟ್ಟಳು. ಆದರೆ ನಂಜಿನ ರೋಗಿಗಳ ಸ್ಲೈಡುಗಳನ್ನು ಮಾತ್ರ ತೊಳೆಯದೆ, ಕಾಗದದಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಡತೊಡಗಿದಳು. ಹದಿನಾಲ್ಕು ವರ್ಷದಲ್ಲಿ ಒಂಬತ್ತು ಡಬ್ಬಿ ಆದವು.

೧೯೭೯ರ ಜೂನ್ ತಿಂಗಳಲ್ಲಿ ಜನಾರ್ದನ ಎಂಬ ಎಳೆಯ ಡಾಕ್ಟರು ಬಂದರು. ಮಣಿಪಾಲದಲ್ಲಿ ಎಂ.ಡಿ. ಓದುತ್ತಿದ್ದವರು, ಆರು ತಿಂಗಳ ಮಟ್ಟಿಗೆ ಈ ಆಸ್ಪತ್ರೆಗೆ ನೇಮಕವಾಗಿದ್ದರು. ಇನ್ನಂಜೆಯ ಕಡೆಯ ಭಟ್ಟರ ಮನೆಯವರು. ತೆಳ್ಳಗಿನ ಆಳು, ಯಾವಾಗಲೂ ಏನೋ ಕಳೆದುಕೊಂಡವರಂತೆ ಜೇಬು ತಡವುತ್ತಿದ್ದರು. ಪ್ರಬಂಧಕ್ಕೆ ವಿಷಯ ಹುಡುಕುತ್ತ ಹಳೆಯ ರಿಪೋರ್ಟು ನೋಡಲು ಎಸ್ತರಳ ಕೋಣೆಗೆ ಬಂದವರು, ಕಪಾಟಿನಲ್ಲಿ ಸಾಲಾಗಿದ್ದ ಡಬ್ಬಿಗಳನ್ನು ಕಂಡು, "ಎಂತ ಎಸ್ತರಮ್ಮ, ಬೇಕರಿ ಇಟ್ಟಿದ್ದೀರಾ?" ಎಂದು ಒಂದರ ಮುಚ್ಚಳ ತೆಗೆದರು.

ಎಸ್ತರ್ ಹೇಳಬೇಕೆಂದುಕೊಂಡಿರಲಿಲ್ಲ. ಆದರೂ ಹೇಳಿಬಿಟ್ಟಳು. ಜನಾರ್ದನ ನಗಲಿಲ್ಲ. ಒಂದು ಸ್ಲೈಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ಜನರದ್ದು ಉಂಟು?"

"ನೂರ ಹದಿನೆಂಟು. ಒಬ್ಬೊಬ್ಬರದ್ದು ನಾಲ್ಕೈದು ದಿನದ್ದು."

"ಹಳೆ ಪುಸ್ತಕದಲ್ಲಿ ಈ ಮಾತು ಒಂದು ಸಾಲು ಉಂಟು. ಲೆಕ್ಕ ಹಾಕಿ ನೋಡಿದವರು ನಮ್ಮ ಕಡೆ ಯಾರೂ ಇಲ್ಲ. ನಾವು ನೋಡುವನಾ?"

"ನೋಡ್ಲಿಕ್ಕೆ ಎಂತ ಉಂಟು ಡಾಕ್ಟ್ರೆ? ನನಗೆ ಗೊತ್ತುಂಟಲ್ಲ."

"ನಿಮಗೆ ಗೊತ್ತುಂಟು. ನನ್ನ ಪ್ರಬಂಧ ಪರೀಕ್ಷೆ ಮಾಡುವವರಿಗೆ ಗೊತ್ತಿಲ್ಲ" ಎಂದು ಅವರು ಜೇಬಿನಿಂದ ಅಂಟು ಪಟ್ಟಿಯ ಉಂಡೆ ತೆಗೆದರು.

ಅವರ ಕ್ರಮ ಎಸ್ತರಳಿಗೆ ಮೊದಮೊದಲು ಅವಮಾನದಂತೆ ಕಂಡಿತು. ಸ್ಲೈಡಿನ ಮೇಲೆ ಅವಳೇ ಬರೆದಿದ್ದ ಹೆಸರು, ತಾರೀಕುಗಳ ಮೇಲೆಲ್ಲ ಪಟ್ಟಿ ಅಂಟಿಸಿ, ಬೇರೆ ಸಂಖ್ಯೆ ಬರೆದು, ಎಲ್ಲವನ್ನೂ ಕಲಸಿಬಿಟ್ಟರು. ಯಾರು ಬದುಕಿದರು, ಯಾರು ಸತ್ತರು ಎಂಬ ಪಟ್ಟಿಯನ್ನು ತಮ್ಮ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟುಕೊಂಡರು. ಅವಳು ಯಾರದೆಂದು ತಿಳಿಯದೆಯೇ ಎಣಿಸಬೇಕು, ನೂರಲ್ಲ, ಐನೂರು ಕಣ.

"ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಅವಳು ಕೇಳಿದಳು.

"ನಿಮ್ಮ ಕಣ್ಣಿನ ಮೇಲೆ ಉಂಟು. ನೆನಪಿನ ಮೇಲೆ ಇಲ್ಲ. ನನ್ನ ನೆನಪಿನ ಮೇಲೂ ಇಲ್ಲ."

ಆ ಸಂಜೆ ಅವಳು ಗಂಡ ಅಲೆಕ್ಸಾಂಡರನ ಬಳಿ ಸಿಟ್ಟು ತೋಡಿಕೊಂಡಳು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅವನು ಬಸಳೆ ದಂಟು ಸೀಪುತ್ತ, "ಗೂಡಿನಿಂದ ಬಂದ ಹಂಚನ್ನು ನಾನೇ ಸುಟ್ಟದ್ದಾದರೂ ತಟ್ಟಿ ನೋಡದೆ ಕಳಿಸ್ತೇನಾ?" ಎಂದ. ಮರುದಿನದಿಂದ ಮಧ್ಯಾಹ್ನ ಮೂರರ ಮೇಲೆ, ದಿನದ ಕೆಲಸ ಮುಗಿಸಿ, ಎಣಿಸಲು ಕುಳಿತಳು. ಒಂದು ವಾರದಲ್ಲಿ ಸಿಟ್ಟು ಹೋಯಿತು. ಹೆಸರಿಲ್ಲದ ರಕ್ತವನ್ನು ನೋಡುವುದರಲ್ಲೂ ಒಂದು ಸುಖವಿತ್ತು. ಹೊರಗೆ ಮಳೆ ಸುರಿಯುತ್ತಿತ್ತು. ಜನಾರ್ದನ ಎದುರು ಕುಳಿತು ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಕ್ಯಾಂಟೀನಿನಿಂದ ಬಂದ ಗೋಳಿಬಜೆ ಆರುತ್ತಿತ್ತು.

ಆಗಸ್ಟಿನಲ್ಲಿ ಬೀರಾನ್ ಬಂದ. ಕಾಪುವಿನ ಬೀಪಾತುಮ್ಮನ ಒಬ್ಬನೇ ಮಗ. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ ಊರೂರು ತಿರುಗಿ ಒಣಮೀನು ಮಾರುವವನು. ಎಸ್ತರಳ ಮನೆಗೂ ಅವನೇ ಮೀನು ಕೊಡುತ್ತಿದ್ದ. ಪಾದಕ್ಕೆ ಮೀನಿನ ಮುಳ್ಳು ಚುಚ್ಚಿದ್ದನ್ನು ಲೆಕ್ಕಕ್ಕೆ ಇಡದೆ ನಾಲ್ಕು ದಿನ ಮಳೆನೀರಿನಲ್ಲಿ ತುಳಿದಾಡಿದ್ದ. ಐದನೆಯ ದಿನ ಕಾಲು ಮೊಣಕಾಲಿನವರೆಗೆ ಬಾತು, ಮೈ ಕೆಂಡವಾಗಿ, ಬಡಬಡಿಸತೊಡಗಿದ. ಆಸ್ಪತ್ರೆಗೆ ತರುವಾಗ ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ. ದೊಡ್ಡ ಡಾಕ್ಟರು ಕಾಲನ್ನು ಕೊಯ್ದು ಕೀವು ತೆಗೆದರು. ಇರುವ ಮದ್ದನ್ನೆಲ್ಲ ಏರಿಸಿದರು.

ಆ ದಿನ ವಾರ್ಡಿಗೆ ಒಯ್ಯುವ ಮೊದಲು ಜಗಲಿಯಲ್ಲೇ ಬೀರಾನನ ಬೆರಳು ಚುಚ್ಚುವಾಗ ಎಸ್ತರ್ ಅವನ ಮುಖ ನೋಡಲಿಲ್ಲ. ಸ್ಲೈಡಿನಲ್ಲಿ ಒಂದೂ ಕಿತ್ತಳೆ ಕಣ ಇರಲಿಲ್ಲ. ನೂರರಲ್ಲಿ ಮೂವತ್ತೆಂಟು ಎಳೆಯ ಕಣಗಳು, ಇನ್ನೂ ಬಲಿಯದೆ ಯುದ್ಧಕ್ಕೆ ಓಡಿ ಬಂದವು. ಮೈಗೆ ಬೇರೆ ಸೈನ್ಯ ಉಳಿದಿಲ್ಲ ಎಂದು ಅದರ ಅರ್ಥ.

ಬೀಪಾತುಮ್ಮನಿಗೆ ಆಸ್ಪತ್ರೆಯಲ್ಲಿ ಪರಿಚಯದವರೆಂದರೆ ಎಸ್ತರ್ ಒಬ್ಬಳೇ. ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರನ್ನು ಇರಗೊಡುತ್ತಿರಲಿಲ್ಲ; ಅವಳು ಬೆಳಗಿನ ಮೊದಲ ಬಸ್ಸಿಗೇ ಬಂದು, ಎಸ್ತರ್ ಇಳಿದು ಬರುವುದನ್ನೇ ಕಾದು, ಪರೀಕ್ಷೆಯ ಕೋಣೆಯ ಬಾಗಿಲಿನ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು.

"ರಕ್ತ ಎಂತ ಹೇಳ್ತದೆ ಬಾಯಮ್ಮ?"

"ಇನ್ನೂ ಏನೂ ಹೇಳಿಲ್ಲ ಬೀಪಾತುಮ್ಮ" ಎನ್ನುತ್ತಿದ್ದಳು ಎಸ್ತರ್.

ಎರಡನೆಯ ದಿನ ಸೊನ್ನೆ. ಮೂರನೆಯ ದಿನ ಸೊನ್ನೆ. ನಾಲ್ಕನೆಯ ದಿನ ಅವಳು ಐನೂರು ಎಣಿಸಿದಳು, ಸಾಲದೆಂದು ಇನ್ನೊಂದು ಸ್ಲೈಡ್ ಎಳೆದು ಮತ್ತೆ ಐನೂರು ಎಣಿಸಿದಳು. ಸೊನ್ನೆ. ಆ ಸಂಜೆ ಬಸ್ಸಿನಲ್ಲಿ ಬೀಪಾತುಮ್ಮನಿಗೆ ಮುಖ ಕೊಡಲಾಗದೆ ಹಿಂದಿನ ಸೀಟಿನಲ್ಲಿ ಕುಳಿತಳು.

ಐದನೆಯ ದಿನ ಬೆಳಿಗ್ಗೆಯೂ ಸೊನ್ನೆ. ಅವಳು ಚೀಟಿ ಬರೆದು ಮುಗಿಸುವಷ್ಟರಲ್ಲಿ ಬೀಪಾತುಮ್ಮ ಬೆಂಚಿನಲ್ಲಿ ಕೂರದೆ ನೇರ ಒಳಗೆ ಬಂದಳು. ಹಿಂದೆ ಅವಳ ಅಣ್ಣ ಕುಂಞಿ ಮೊಹಮ್ಮದ್, ಬಿಳಿ ಗಡ್ಡದ ಗಂಭೀರ ಮನುಷ್ಯ, ಬಾಗಿಲಲ್ಲೇ ನಿಂತ.

"ಅಣ್ಣ ಜೀಪು ತಂದಿದ್ದಾನೆ" ಎಂದಳು ಬೀಪಾತುಮ್ಮ. "ಆಗುವುದಿದ್ದರೆ ಮನೆಯಲ್ಲೇ ಆಗ್ಲಿ, ಕುರಾನಿನ ಯಾಸೀನ್ ಓದುವ ನಾಲ್ಕು ಜನ ಹತ್ತಿರ ಇರ್ತಾರೆ ಅಂತಾನೆ. ಡಾಕ್ಟ್ರು ಇನ್ನೂ ನೋಡುವ ಅಂತಾರೆ. ನನಗೆ ಅವರ ಮಾತು ಅರ್ಥ ಆಗುದಿಲ್ಲ. ನೀವು ಹೇಳಿ. ನೀವು ಕರ್ಕೊಂಡು ಹೋಗು ಅಂದ್ರೆ ಹೋಗ್ತೇನೆ, ಇರು ಅಂದ್ರೆ ಇರ್ತೇನೆ."

ಹದಿನಾಲ್ಕು ವರ್ಷ ಎಸ್ತರ್ ತನ್ನ ಮಾತನ್ನು ಯಾರೂ ಕೇಳುವುದಿಲ್ಲವೆಂದು ಒಳಗೊಳಗೆ ನೊಂದಿದ್ದಳು. ಈಗ ಒಬ್ಬಳು ಕೇಳುತ್ತಿದ್ದಳು, ಹೇಳಿದಂತೆ ಮಾಡಲಿದ್ದಳು ಕೂಡ. ಐದನೆಯ ದಿನದ ಸೊನ್ನೆ ಮೇಜಿನ ಮೇಲೆಯೇ ಇತ್ತು.

"ಒಂದು ಗಳಿಗೆ ಕೂತ್ಕೊಳ್ಳಿ. ನಾನು ಅವನನ್ನು ಒಮ್ಮೆ ನೋಡಿ ಬರ್ತೇನೆ" ಎಂದಳು.

ಜಗಲಿಯುದ್ದಕ್ಕೂ ನಡೆದು ಅವಳು ಗಂಡಸರ ವಾರ್ಡಿಗೆ ಹೋದಳು. ಅವಳು ಅಲ್ಲಿಗೆ ಬಂದದ್ದನ್ನು ಕಂಡು ದಾದಿಯೇ ಹುಬ್ಬೇರಿಸಿದಳು. ಬೀರಾನನ ಕಣ್ಣು ಒಳಗೆ ಹೋಗಿತ್ತು, ಕೆನ್ನೆಯಲ್ಲಿ ಎಲುಬು ಎದ್ದಿತ್ತು. ಆದರೆ ಕಣ್ಣು ತೆರೆದಿತ್ತು. ಅವಳನ್ನು ಗುರುತಿಸಿ ಅವನು ತುಟಿ ಅಲ್ಲಾಡಿಸಿದ. ಎಸ್ತರ್ ಬಾಗಿ ಕಿವಿ ಕೊಟ್ಟಳು.

"ಈ ಗಂಜಿಗೆ... ಒಂದು ತುಂಡು ಒಣಮೀನು ಸುಟ್ಟು ಕೊಡ್ಲಿಕ್ಕೆ ಹೇಳಿ ಬಾಯಮ್ಮ. ಬರೀ ಉಪ್ಪು ಸಾಕಾಯ್ತು."

ಎಸ್ತರ್ ನೆಟ್ಟಗೆ ನಿಂತಳು. ಸಾಯುವವನು ಹೀಗೆ ಮಾತಾಡುತ್ತಾನೆಯೆ? ಅವಳು ಹೆಚ್ಚುಕಡಿಮೆ ಓಡುತ್ತಲೇ ಜನಾರ್ದನರ ಕೋಣೆಗೆ ಹೋದಳು.

"ಡಾಕ್ಟ್ರೆ, ಆ ಹುಡುಗನ ಸ್ಲೈಡ್ ಒಂದು ಹೇಳ್ತದೆ, ಬಾಯಿ ಬೇರೆ ಹೇಳ್ತದೆ. ಐದು ದಿನವೂ ಸೊನ್ನೆ. ಅವನು ಒಣಮೀನು ಕೇಳ್ತಾನೆ!"

ಜನಾರ್ದನ ಕೇಸ್ ಶೀಟು ಎಳೆದುಕೊಂಡು ಮದ್ದುಗಳ ಪಟ್ಟಿಯ ಮೇಲೆ ಬೆರಳು ಓಡಿಸಿದರು. ಬೆರಳು ಒಂದು ಸಾಲಿನಲ್ಲಿ ನಿಂತಿತು. ಅವರು ಹಣೆ ಬಡಿದುಕೊಂಡರು.

"ಸ್ಟಿರಾಯ್ಡ್ ಎಸ್ತರಮ್ಮ! ನಾಡಿ ಬಿದ್ದಿತ್ತಲ್ಲ, ಮೊದಲ ದಿನದಿಂದ ಸ್ಟಿರಾಯ್ಡ್ ಹೋಗ್ತಾ ಉಂಟು. ಆ ಮದ್ದು ಕೊಟ್ಟರೆ ಆರೋಗ್ಯವಂತರ ಕಿತ್ತಳೆ ಕಣವೂ ಮಾಯ ಆಗ್ತದೆ. ನಂಜು ಓಡಿಸಿದ್ದೋ, ಮದ್ದು ಓಡಿಸಿದ್ದೋ, ನಿಮ್ಮ ಸ್ಲೈಡಿಗೆ ಹೇಗೆ ಗೊತ್ತಾಗಬೇಕು?"

ಯಾವ ರೋಗಿಗೆ ಯಾವ ಮದ್ದು ಹೋಗುತ್ತದೆ ಎಂದು ಅವಳು ಈ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ವಾರ್ಡಿಗೆ ಹೋಗದವಳಿಗೆ ಅದು ತಿಳಿಯುವ ದಾರಿಯೂ ಇರಲಿಲ್ಲ.

"ಹಾಗಾದ್ರೆ ಅವನು ಬದುಕ್ತಾನಾ?"

"ಅಷ್ಟು ಬೇಗ ಬೇಡ. ಹಸಿವನ್ನೂ ಪೂರ್ತಿ ನಂಬುವ ಹಾಗಿಲ್ಲ, ಅದೂ ಈ ಮದ್ದಿನ ಗುಣ. ನಿನ್ನೆ ಜ್ವರ ಇಳಿಯಿತಲ್ಲ, ಅದೂ ಹಾಗೆಯೇ. ಎಳೆಯ ಕಣ ಎಷ್ಟುಂಟು ಇವತ್ತು?"

ಅವಳು ಚೀಟಿ ನೋಡಲೇ ಬೇಕಿರಲಿಲ್ಲ. "ಹನ್ನೊಂದು. ಮೊದಲ ದಿನ ಮೂವತ್ತೆಂಟು ಇತ್ತು. ಆಮೇಲೆ ಮೂವತ್ತು, ಇಪ್ಪತ್ತಾರು, ಹದಿನೇಳು." ಹೇಳುತ್ತ ಹೇಳುತ್ತ ಅವಳ ಧ್ವನಿ ನಿಧಾನವಾಯಿತು. ದಿನವೂ ತಾನೇ ಬರೆದ ಅಂಕೆಗಳು. ಕಿತ್ತಳೆ ಕಣ ಹುಡುಕುವ ಭರದಲ್ಲಿ ಅವನ್ನು ಅವಳು ಓದಿರಲೇ ಇಲ್ಲ.

"ಮೂತ್ರ ನಿನ್ನೆಯಿಂದ ಚೆನ್ನಾಗಿ ಬರ್ತಾ ಉಂಟು" ಎಂದರು ಜನಾರ್ದನ. "ರಕ್ತದಲ್ಲಿ ಯೂರಿಯಾ ಇಳಿದಿದೆ. ಎಲ್ಲ ಒಂದೇ ದಿಕ್ಕಿಗೆ ಹೋಗ್ತಾ ಉಂಟು. ಈಗ ಇಲ್ಲಿಂದ ಎತ್ತಿದರೆ ಮಾತ್ರ ಕಷ್ಟ."

ಎಸ್ತರ್ ಹಿಂದಿರುಗಿ ಬಂದಾಗ ಬೀಪಾತುಮ್ಮ ನಿಂತೇ ಇದ್ದಳು.

"ಬದುಕ್ತಾನೆ ಅಂತ ಮಾತು ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ ಬೀಪಾತುಮ್ಮ" ಎಂದಳು ಎಸ್ತರ್. "ಆದ್ರೆ ರಕ್ತ ನಿಧಾನಕ್ಕೆ ಒಳ್ಳೇದೇ ಹೇಳ್ತಾ ಉಂಟು. ನಾನು ಓದುವುದರಲ್ಲಿ ತಪ್ಪಿದೆ. ಕರ್ಕೊಂಡು ಹೋಗ್ಬೇಡಿ."

ಕುಂಞಿ ಮೊಹಮ್ಮದ್ ಗಡ್ಡ ನೀವುತ್ತ ಅವಳನ್ನೇ ನೋಡಿದ. "ತಪ್ಪಿದ್ದೇನೆ ಅಂತ ಹೇಳುವ ಆಸ್ಪತ್ರೆಯವರನ್ನು ನಾನು ನೋಡಿದ್ದು ಇದೇ ಮೊದಲು" ಎಂದ. ಆಮೇಲೆ ತಂಗಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿ, ಜೀಪಿನವನನ್ನು ಕಳಿಸಲು ಹೊರಗೆ ಹೋದ.

ಅಂದು ಎಸ್ತರಳಿಗೆ ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ನಂಬಿಕೆಗೆ ಏಟು ಬಿದ್ದಿತ್ತು. ಆದರೂ ಮನಸ್ಸು ಹಗುರವಾಗಿತ್ತು. ತಾನು ಸುಳ್ಳಾಗಿ ಆ ಹುಡುಗ ಉಳಿಯುವುದಾದರೆ ಇನ್ನು ನೂರು ಸಲ ಸುಳ್ಳಾಗಲು ಅವಳು ತಯಾರಿದ್ದಳು. ಸಂಜೆ ಬಸ್ಸಿನಲ್ಲಿ ಬೀಪಾತುಮ್ಮನ ಪಕ್ಕದಲ್ಲೇ ಕುಳಿತು ಕಾಪುವಿನವರೆಗೆ ಮಾತಾಡುತ್ತ ಬಂದಳು.

ಏಳನೆಯ ದಿನ ಸ್ಟಿರಾಯ್ಡ್ ನಿಲ್ಲಿಸಿದರು. ಒಂಬತ್ತನೆಯ ದಿನ ಮೂರು ಕಿತ್ತಳೆ ಕಣ ಬಂದವು. ಬೀರಾನ್ ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದ. ಪಾದದ ಎರಡು ಬೆರಳು ಹೋದವು, ಕಾಲು ಉಳಿಯಿತು. ಮುಂದೆ ಸೈಕಲ್ಲು ತುಳಿಯಲು ಎಡಗಾಲಿಗೆ ಗಟ್ಟಿ ಚಪ್ಪಲಿ ಬೇಕಾಯಿತು, ಅಷ್ಟೆ.

ಉಳಿದ ಸ್ಲೈಡುಗಳ ಎಣಿಕೆ ಅಕ್ಟೋಬರಿನಲ್ಲಿ ಮುಗಿಯಿತು. ಒಂದು ಶನಿವಾರ ಮಧ್ಯಾಹ್ನ ಜನಾರ್ದನ ಪೆಟ್ಟಿಗೆಯ ಬೀಗ ತೆಗೆದು ಪಟ್ಟಿ ಬಿಡಿಸಿದರು. ಇಬ್ಬರೂ ಅಕ್ಕಪಕ್ಕ ಕುಳಿತು ಸಂಖ್ಯೆಗೆ ಹೆಸರು ಕೂಡಿಸುತ್ತ ಹೋದರು. ಹನ್ನೊಂದು ಜನರ ಸ್ಲೈಡುಗಳಲ್ಲಿ ಬಣ್ಣ ಮಾಸಿ ಓದಲಾಗಿರಲಿಲ್ಲ. ಅವು ಬಿಟ್ಟು ನೂರ ಏಳು. ಹಳೆಯ ಕೇಸ್ ಶೀಟು ನೋಡಿ, ಅವರಲ್ಲಿ ಸ್ಟಿರಾಯ್ಡ್ ಹೋದ ಇಪ್ಪತ್ತಮೂರು ಜನರನ್ನು ಬೇರೆ ಇಟ್ಟರು. ಆ ಗುಂಪಿನಲ್ಲಿ ಕಿತ್ತಳೆ ಕಣ ನೋಡಿ ಏನೂ ಹೇಳುವಂತಿರಲಿಲ್ಲ; ಸೊನ್ನೆಯವರಲ್ಲಿ ಅರ್ಧ ಜನ ಬದುಕಿದ್ದರು. ಮಿಕ್ಕವರು ಎಂಬತ್ತನಾಲ್ಕು. ಐದು ದಿನದೊಳಗೆ ಕಿತ್ತಳೆ ಕಣ ಹಿಂದೆ ಬಂದವರು ಐವತ್ತೇಳು; ಅವರಲ್ಲಿ ಐವತ್ತನಾಲ್ಕು ಜನ ಬದುಕಿದ್ದರು.

"ನೋಡಿ!" ಎಂದರು ಜನಾರ್ದನ. ಅವರ ಕಿವಿ ಕೆಂಪಾಗಿತ್ತು. "ನೀವು ಹೇಳಿದ್ದು ನಿಜ ಎಸ್ತರಮ್ಮ."

ಎಸ್ತರ್ ಐವತ್ತನಾಲ್ಕನ್ನು ನೋಡುತ್ತಿರಲಿಲ್ಲ. "ಈ ಮೂವರು ಯಾರು?"

ಅವರು ಹೆಸರು ಓದಿದರು. ಅಂಟು ಪಟ್ಟಿ ಕಿತ್ತ ಸ್ಲೈಡುಗಳಲ್ಲಿ ಮೂರೂ ಅವಳದೇ ಕೈಬರಹದಲ್ಲಿದ್ದವು. ಕಣ ಹಿಂದೆ ಬಂದೂ ಸತ್ತವರು. ಅವಳಿಗೆ ಒಬ್ಬರ ನೆನಪೂ ಇರಲಿಲ್ಲ. ಕಣ ಬಾರದೆಯೂ ಬದುಕಿದವರು ಇನ್ನೂ ಎಂಟು ಜನ ಇದ್ದರು. ಅವರನ್ನೂ ಅವಳು ಮರೆತಿದ್ದಳು. ಕೆಮ್ಮಣ್ಣಿನ ಬಾಣಂತಿಯ ಸೀರೆಯ ಬಣ್ಣ ಸಹ ನೆನಪಿದ್ದವಳಿಗೆ ಈ ಹನ್ನೊಂದು ಜನ ಎಲ್ಲಿ ಹೋದರು? ಮನಸ್ಸು ಅಕ್ಕಿ ಆರಿಸುವಂತೆ ತನಗೆ ಬೇಡದ್ದನ್ನು ಹೆಕ್ಕಿ ಹೊರಗೆ ಎಸೆದಿತ್ತು.

"ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ ಅಂದಿರಿ, ಒಳ್ಳೇದು ಮಾಡಿದಿರಿ" ಎಂದಳು. "ಇವರ ಹೆಸರು ಕೂಡ ಬರೀಬೇಕು ಡಾಕ್ಟ್ರೆ. ಬಿಡಬೇಡಿ."

"ಬಿಡುವುದಾ? ಅವರೇ ಮುಖ್ಯ. ಎಳೆಯ ಕಣ, ಯೂರಿಯಾ ಎರಡನ್ನೂ ಜೊತೆಗೆ ಇಟ್ಟು ನೋಡಿದರೆ ಈ ಹನ್ನೊಂದರಲ್ಲಿ ಏಳು ಸರಿಯಾಗ್ತದೆ. ಒಂದೇ ಸಾಕ್ಷಿಯನ್ನು ಕೇಳಿ ತೀರ್ಪು ಕೊಡಬಾರದು, ಅಷ್ಟೇ."

ಮಾರ್ಚಿನಲ್ಲಿ ಜನಾರ್ದನ ಮಣಿಪಾಲದಲ್ಲಿ ತಮ್ಮ ವಿಭಾಗದವರ ಮುಂದೆ ಪ್ರಬಂಧ ಓದಿದರು. ಎಸ್ತರ್ ಬರಲೇಬೇಕೆಂದು ಅವರು ಹಟ ಮಾಡಿದ್ದರಿಂದ ಅವಳೂ ಅಲೆಕ್ಸಾಂಡರನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅಲೆಕ್ಸಾಂಡರ್ ಇಸ್ತ್ರಿಯ ಅಂಗಿ ಮುದುಡದಂತೆ ಬೆನ್ನು ನೆಟ್ಟಗೆ ಇಟ್ಟುಕೊಂಡಿದ್ದ. ಕೊನೆಯಲ್ಲಿ ತಲೆ ನರೆತ ಪ್ರೊಫೆಸರೊಬ್ಬರು ಒಂದು ಪ್ರಶ್ನೆ ಹಾಕಿದರು: ನಂಜಿನ ರೋಗಿಯಲ್ಲಿ ನೂರಕ್ಕೆ ಒಂದೋ ಎರಡೋ ಇರುವ ಕಣ, ನಮ್ಮ ಲ್ಯಾಬಿನವರಿಗೆ ಸಿಗದೆ ಹೋದದ್ದು ಇವರಿಗೆ ಹೇಗೆ ಸಿಕ್ಕಿತು? ಜನಾರ್ದನ ಜೇಬು ತಡವಿಕೊಂಡು, ಹಿಂದಿನ ಸಾಲಿನ ಕಡೆ ಕೈ ತೋರಿದರು.

ಎಲ್ಲರೂ ತಿರುಗಿದರು. ಎಸ್ತರ್ ಎದ್ದು ನಿಂತಳು.

"ಕನ್ನಡದಲ್ಲಿ ಹೇಳ್ಲಾ ಸರ್?"

"ಹೇಳಿ ಅಮ್ಮ."

"ದೊಡ್ಡ ಕಣಗಳು ಸ್ಲೈಡಿನ ಅಂಚಿಗೆ, ರಕ್ತ ಎಳೆದು ಮುಗಿಯುವ ಬಾಲಕ್ಕೆ ಸರಿದು ಹೋಗ್ತವೆ. ಹೆಚ್ಚಿನವರು ನಡುವಿನಲ್ಲೇ ನೂರು ಎಣಿಸಿ ಮುಗಿಸ್ತಾರೆ. ನಾನು ಅಂಚಿನಿಂದ ಅಂಚಿಗೆ ಹೋಗ್ತೇನೆ, ಗದ್ದೆ ಉತ್ತ ಹಾಗೆ. ಒಂದು ಸಾಲೂ ಬಿಡುದಿಲ್ಲ. ತಡ ಆಗ್ತದೆ. ಆದ್ರೆ ಇದ್ದದ್ದು ಸಿಗ್ತದೆ."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. "ವಾರಕ್ಕೆ ಒಂದು ದಿನ ಬಂದು ಇಲ್ಲಿಯ ಮಕ್ಕಳಿಗೆ ಇದನ್ನು ಕಲಿಸ್ತೀರಾ?" ಎಂದು ಕೇಳಿದರು.

ಹೀಗೆ ಎಸ್ತರ್ ಪ್ರತಿ ಗುರುವಾರ ಮಣಿಪಾಲದ ಗುಡ್ಡ ಹತ್ತತೊಡಗಿದಳು. ಮೊದಲ ಗುರುವಾರ ಎಂಟು ವಿದ್ಯಾರ್ಥಿನಿಯರು ಮೈಕ್ರೋಸ್ಕೋಪುಗಳ ಮುಂದೆ ಸಾಲಾಗಿ ಕುಳಿತಿದ್ದರು. ಕಾರ್ಕಳದ ಶ್ರೀಮತಿ ಎಂಬ ಹುಡುಗಿ ಐದು ನಿಮಿಷದಲ್ಲೇ ಕೈ ಎತ್ತಿದಳು.

"ಆಯ್ತು ಟೀಚರ್, ಇದರಲ್ಲಿ ಒಂದೂ ಇಲ್ಲ."

"ಎಷ್ಟು ಎಣಿಸಿದೆ?"

"ನೂರು."

"ಇನ್ನು ನಾನೂರು ಉಂಟಲ್ಲ ಮಗಾ" ಎಂದು ಎಸ್ತರ್ ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತಳು. "ಅವಸರ ಎಂತಕ್ಕೆ? ಆದರೆ ಮೊದಲು ಎದ್ದು ವಾರ್ಡಿಗೆ ಹೋಗು. ಈ ರಕ್ತ ಯಾರದ್ದು, ಅವರಿಗೆ ಯಾವ ಮದ್ದು ಹೋಗ್ತಾ ಉಂಟು, ಅದನ್ನೆಲ್ಲ ಕೇಳಿ ಬರೆದುಕೊಂಡು ಬಾ. ಆಮೇಲೆ ಎಣಿಸುವ."